ಮಣ್ಣಿನಲ್ಲಿ ಮೂಡುವ ರಕ್ಕಸ

ಜಯನಗರವಾಗಲಿ, ಜೆ.ಪಿ. ನಗರವಾಗಲಿ, ಬನಶಂಕರಿಯಾಗಲಿ, ಬಿಟಿಎಂ ಲೇಔಟ್ ಆಗಲಿ, ಬೆಂಗಳೂರು ದಕ್ಷಿಣದ ಯಾವ ಬಡಾವಣೆಯಲ್ಲಿ ಹೊಸ ಮನೆ ಏಳುತ್ತಿದ್ದರೂ ಅದರ ಮುಂದೆ ಒಂದು ರಾಕ್ಷಸನ ಮುಖ ತೂಗುತ್ತಿರುವುದು ಸಾಮಾನ್ಯ. ಗುಡ್ಡೆ ಬಿಟ್ಟ ಕಣ್ಣು, ಹುರಿಮೀಸೆ, ಹೊರಚಾಚಿದ ಕೆಂಪು ನಾಲಿಗೆ, ಎರಡು ಕೋರೆಹಲ್ಲು. ಅದೇ ದೃಷ್ಟಿಬೊಂಬೆ. ದೊಡ್ಡವರು ಅದನ್ನು ನೋಡಿಯೂ ನೋಡದಂತೆ ಮುಂದೆ ಸಾಗುತ್ತಾರೆ. ಶಾಲೆಯಿಂದ ಮನೆಗೆ ಹಿಂದಿರುಗುವ ಮಕ್ಕಳಲ್ಲಿ ಕೆಲವರು ಮಾತ್ರ ನಿಂತು ನೋಡುತ್ತಾರೆ. ಅವರಿಗೆ ಅದನ್ನು ಕಂಡರೆ ಹೆದರಿಕೆಯಿಲ್ಲ. ಅವರ ತಲೆಯಲ್ಲಿರುವುದು ಒಂದೇ ಪ್ರಶ್ನೆ: ಇದನ್ನು ಹೇಗೆ ಮಾಡಿದರು?

ಈ ಪ್ರಶ್ನೆ ಕೇಳುವ ಮಕ್ಕಳ ಸಂಖ್ಯೆ ಈಗ ಹೆಚ್ಚಾಗಿದೆ. ಸಿನಿಮಾದಲ್ಲಿ ಕಂಡ ಡೈನೋಸಾರ್, ಕಾದಂಬರಿಯಲ್ಲಿ ಓದಿದ ಯಕ್ಷ, ಅಜ್ಜಿ ಹೇಳಿದ ಬಕಾಸುರ, ಎಲ್ಲವನ್ನೂ ಕೈಯಾರೆ ಮಾಡಿ ನೋಡಬೇಕೆಂಬ ಆಸೆ ಅವರದು. ಚಲನಚಿತ್ರಗಳ ಸ್ಪೆಷಲ್ ಎಫೆಕ್ಟ್ ಕಲಾವಿದರು ಇಂಥ ಕಲ್ಪನೆಯ ಪಾತ್ರವನ್ನು ಮೊದಲು ರೂಪಿಸುವುದು ‘ಬಸ್ಟ್’ ಆಗಿ, ಅಂದರೆ ತಲೆ, ಕುತ್ತಿಗೆ, ಹೆಗಲು ಮಾತ್ರ ಇರುವ ಎದೆಮಟ್ಟದ ಪ್ರತಿಮೆಯಾಗಿ. ಪಾತ್ರದ ಸ್ವಭಾವವೆಲ್ಲ ಇರುವುದು ಮುಖದಲ್ಲಿಯೇ ತಾನೆ? ಮುಖ ಸರಿಯಾಗಿ ಕೂತರೆ ಉಳಿದ ದೇಹದ ಕೆಲಸ ಸುಲಭ.

ಆದರೆ ಮನೆಯಲ್ಲಿ ಮಣ್ಣಿನ ಬಕೆಟ್ ಕಂಡ ಕೂಡಲೇ ಏಳುವ ಮಾತುಗಳೇ ಬೇರೆ. “ಪರೀಕ್ಷೆ ಹತ್ತಿರ ಬಂತು, ನೀನು ರಾಕ್ಷಸನ ತಲೆ ಮಾಡ್ತಾ ಕೂತಿದ್ದೀಯಾ?” ಎಂದು ತಾಯಿ ಕೇಳುತ್ತಾರೆ. “ಮನೇಲಿ ಅಂಥ ಮುಖ ಎಲ್ಲ ಇಡಬಾರದು ಕಣೋ” ಎಂದು ಅಜ್ಜಿ ದನಿಗೂಡಿಸುತ್ತಾರೆ. ಅಜ್ಜಿಯ ಮಾತಿಗೆ ಉತ್ತರ ಸುಲಭ. ದೇವರ ಪ್ರಭಾವಳಿಯ ನೆತ್ತಿಯಲ್ಲೇ ಕೀರ್ತಿಮುಖವೆಂಬ ರಕ್ಕಸನ ಮುಖ ಕುಳಿತಿದೆ. ತಾಯಿಯ ಪ್ರಶ್ನೆ ಮಾತ್ರ ಹಗುರವಾದದ್ದಲ್ಲ. ಅದಕ್ಕೆ ಉತ್ತರ ಹುಡುಕುವ ಮುನ್ನ ಈ ಕೆಲಸದಲ್ಲಿ ಏನೇನಿದೆ ಎಂಬುದನ್ನು ತಿಳಿಯುವುದು ಒಳ್ಳೆಯದು.

ನಮ್ಮಲ್ಲೇ ಇದ್ದ ವಿದ್ಯೆ

ಮುಖಕ್ಕೆ ಬೇರೊಂದು ಮುಖವನ್ನು ಕೂರಿಸುವ ವಿದ್ಯೆ ಹಾಲಿವುಡ್‌ನಿಂದ ಬಂದದ್ದೆಂದು ಅನೇಕರು ತಿಳಿದಿದ್ದಾರೆ. ಕಾಸರಗೋಡು, ದಕ್ಷಿಣ ಕನ್ನಡದ ತೆಂಕುತಿಟ್ಟಿನ ಯಕ್ಷಗಾನವನ್ನು ಚೌಕಿಯಲ್ಲಿ ಕುಳಿತು ನೋಡಿದವರು ಹಾಗೆನ್ನಲಾರರು. ರಾವಣ, ಮಹಿಷಾಸುರ, ಶೂರ್ಪನಖಿಯಂಥ ‘ಬಣ್ಣದ ವೇಷ’ಗಳಿಗೆ ಅಕ್ಕಿಹಿಟ್ಟು, ಸುಣ್ಣ ಕಲಸಿದ ಹದವಾದ ಮಿಶ್ರಣದಿಂದ ಮುಖದ ಮೇಲೆ ಸಾಲುಸಾಲಾಗಿ ಮುಳ್ಳುಗಳನ್ನು ಎಬ್ಬಿಸುತ್ತಾರೆ. ಇದಕ್ಕೆ ‘ಚಿಟ್ಟಿ’ ಎಂದು ಹೆಸರು. ಒಂದೊಂದೇ ಚುಕ್ಕಿಯನ್ನು ಇಟ್ಟು, ಒಣಗಿಸಿ, ಅದರ ಮೇಲೆ ಮತ್ತೊಂದನ್ನು ಇಡುತ್ತ ಹೋಗಬೇಕು. ಪೂರ್ತಿ ಮುಖ ಬರೆಯಲು ಗಂಟೆಗಟ್ಟಲೆ ಬೇಕು. ಕಲಾವಿದರು ಕನ್ನಡಿ ಹಿಡಿದು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುತ್ತಾರೆ. ಬಣ್ಣದ ಮಾಲಿಂಗ, ಚಂದ್ರಗಿರಿ ಅಂಬು ಮೊದಲಾದವರು ಈ ವೇಷಗಳಿಂದಲೇ ಹೆಸರಾದವರು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಎರಡು. ಒಂದು, ಚಿಟ್ಟಿ ಮುಖವಾಡವಲ್ಲ. ಅದರ ಅಡಿಯಲ್ಲಿ ಕಲಾವಿದನ ಹುಬ್ಬು, ಕೆನ್ನೆ, ತುಟಿ ಆಡುತ್ತಲೇ ಇರುತ್ತವೆ. ಎರಡು, ದೊಂದಿಯ ಬೆಳಕಿನಲ್ಲಿ, ದೂರದಲ್ಲಿ ಕುಳಿತವನಿಗೂ ‘ಇವನು ರಕ್ಕಸ’ ಎಂದು ತಿಳಿಯಬೇಕಾದ್ದರಿಂದ ಅಲ್ಲಿ ಎಲ್ಲವೂ ದೊಡ್ಡದು, ಎಲ್ಲವೂ ಉಬ್ಬು. ಸಿನಿಮಾ ಕ್ಯಾಮೆರಾ ಮೂಗಿನ ಹತ್ತಿರಕ್ಕೇ ಬರುತ್ತದೆ. ಅಲ್ಲಿ ಚರ್ಮದ ಸಣ್ಣ ರಂಧ್ರವೂ ಕಾಣಬೇಕು. ಹೀಗಾಗಿ ಬಸ್ಟ್ ಮಾಡಲು ಹೊರಟವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ನೋಡುವವನು ಎಷ್ಟು ದೂರದಲ್ಲಿ ನಿಂತಿರುತ್ತಾನೆ?

ಹಲ್ಲಿನ ಡಾಕ್ಟರ್ ಆಗಬೇಕಿದ್ದವರು

ಅಮೆರಿಕದ ಡಿಕ್ ಸ್ಮಿತ್ (1922–2014) ಯೇಲ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ದಂತವೈದ್ಯರಾಗಲೆಂದು. ಅಲ್ಲಿ ಕೈಗೆ ಸಿಕ್ಕ ಪ್ರಸಾಧನ ಕಲೆಯ ಪುಸ್ತಕವೊಂದು ಅವರ ದಾರಿಯನ್ನೇ ಬದಲಿಸಿತು. ಅಲ್ಲಿಯವರೆಗೆ ನಟನ ಮುಖಕ್ಕೆ ನೊರೆರಬ್ಬರಿನ ಒಂದೇ ದೊಡ್ಡ ಮುಖವಾಡ ಅಂಟಿಸುವ ರೂಢಿಯಿತ್ತು. ಸ್ಮಿತ್ ಅದನ್ನು ಹಣೆ, ಕೆನ್ನೆ, ಮೂಗು, ಗಲ್ಲವೆಂದು ಹಲವು ತುಂಡುಗಳಾಗಿ ಮಾಡಿ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಅಂಟಿಸಿದರು. ಒಳಗಿನ ನಟನ ಭಾವ ಹೊರಗೆ ಕಾಣತೊಡಗಿತು. ಚಿಟ್ಟಿ ಇಡುವ ಕಲಾವಿದರು ಕಂಡುಕೊಂಡಿದ್ದ ಸತ್ಯವೂ ಇದೇ ಅಲ್ಲವೇ? 1970ರ ‘ಲಿಟಲ್ ಬಿಗ್ ಮ್ಯಾನ್’ ಚಿತ್ರದಲ್ಲಿ ಆಗಿನ್ನೂ ಯುವಕನಾಗಿದ್ದ ಡಸ್ಟಿನ್ ಹಾಫ್‌ಮನ್ 121 ವರ್ಷದ ಮುದುಕನಾಗಿ ಕಂಡದ್ದು ಈ ವಿಧಾನದಿಂದ.

ಸ್ಮಿತ್ ತಮ್ಮ ವಿದ್ಯೆಯನ್ನು ಮುಚ್ಚಿಡಲಿಲ್ಲ. 1965ರಲ್ಲಿ ಮಕ್ಕಳಿಗಾಗಿಯೇ ಅವರು ಬರೆದ ಪುಸ್ತಕದಲ್ಲಿ ಅಡುಗೆಮನೆಯ ಸಾಮಾನುಗಳಿಂದ ರಾಕ್ಷಸರ ಮುಖ ಮಾಡುವ ಬಗೆ ಇದೆ. ರಿಕ್ ಬೇಕರ್ ಎಂಬ ಹದಿಹರೆಯದ ಹುಡುಗ ತಾನು ಮಾಡಿದ ಮುಖಗಳ ಫೋಟೋ ಇಟ್ಟು ಅವರಿಗೆ ಪತ್ರ ಬರೆದ. ಸ್ಮಿತ್ ಅವನನ್ನು ಮನೆಗೇ ಕರೆಸಿಕೊಂಡು ಹೇಳಿಕೊಟ್ಟರು. ಪ್ರಸಾಧನ ಕಲೆಗೆ ಆಸ್ಕರ್ ಪ್ರತ್ಯೇಕ ವಿಭಾಗ ತೆರೆದಾಗ, 1982ರಲ್ಲಿ ಅದರ ಮೊದಲ ಪ್ರಶಸ್ತಿ ಸಂದದ್ದು ಇದೇ ಬೇಕರ್‌ಗೆ. ಮುಂದೆ ಅವರು ಒಟ್ಟು ಏಳು ಆಸ್ಕರ್ ಪಡೆದರು.

ನಮ್ಮ ದೇಶದಲ್ಲಿ 2009ರ ‘ಪಾ’ ಚಿತ್ರದಲ್ಲಿ ಅಮಿತಾಭ್ ಬಚ್ಚನ್ 12ರ ಬಾಲಕನಾದದ್ದು ಬಹುಮಂದಿಗೆ ನೆನಪಿರಬಹುದು. ಕನ್ನಡದವರು ಹೆಮ್ಮೆಪಡುವ ಸಂಗತಿಯೂ ಒಂದಿದೆ. ಸಂಚಾರಿ ವಿಜಯ್ ನಟಿಸಿದ ‘ನಾನು ಅವನಲ್ಲ... ಅವಳು’ ಚಿತ್ರದ ಪ್ರಸಾಧನಕ್ಕಾಗಿ ನಾಗರಾಜು ಮತ್ತು ರಾಜು ಅವರಿಗೆ 2015ರಲ್ಲಿ ರಾಷ್ಟ್ರಪ್ರಶಸ್ತಿ ಬಂತು.

ಮೊದಲು ಕಾಗದ, ಆಮೇಲೆ ಮಣ್ಣು

ಇನ್ನು ಕೆಲಸಕ್ಕೆ ಬರೋಣ. ಕಲ್ಪನೆಯ ಪ್ರಾಣಿ ಗಾಳಿಯಿಂದ ಹುಟ್ಟುವುದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ತಳಪಟ್ಟಿಕೆಯಲ್ಲಿರುವ ಮಕರವನ್ನು ನೋಡಿದರೆ ಇದು ತಿಳಿಯುತ್ತದೆ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ – ಒಂದೊಂದೂ ನಿಜವಾದ ಪ್ರಾಣಿಯದೇ. ಶಿಲ್ಪಿಯ ಜಾಣ್ಮೆ ಇರುವುದು ಜೋಡಣೆಯಲ್ಲಿ. ಆದ್ದರಿಂದ ಮೊದಲು ಪಾತ್ರದ ಪೂರ್ವೋತ್ತರ ಬರೆದುಕೊಳ್ಳಬೇಕು. ಅವನು ಕಾಡಿನಲ್ಲಿರುವವನೋ, ನೀರಿನಲ್ಲಿರುವವನೋ? ತಿನ್ನುವುದು ಏನನ್ನು? ಬೇಟೆಯಾಡುವ ಹುಲಿಗೆ ಎರಡೂ ಕಣ್ಣು ಮುಂದಕ್ಕಿವೆ. ಬೇಟೆಗೆ ಗುರಿಯಾಗುವ ಜಿಂಕೆಗೆ ಕಣ್ಣುಗಳು ಪಕ್ಕಕ್ಕಿವೆ. ಬಕಾಸುರನಿಗೆ ಜಿಂಕೆಯ ಕಣ್ಣಿಟ್ಟರೆ ಯಾರೂ ಹೆದರುವುದಿಲ್ಲ!

ಬಳಿಕ ಮುಂದಿನಿಂದ, ಪಕ್ಕದಿಂದ, ಓರೆಯಿಂದ ಹೀಗೆ ಮೂರು ಚಿತ್ರ ಬರೆಯಬೇಕು. ಮನುಷ್ಯನ ಮುಖದ ಲೆಕ್ಕ ಮೊದಲು ಗೊತ್ತಿರಬೇಕು. ನೆತ್ತಿಯಿಂದ ಗಲ್ಲದವರೆಗಿನ ಎತ್ತರದ ಸರಿಸುಮಾರು ನಡುವೆ ಕಣ್ಣಿನ ಗೆರೆ. ಎರಡು ಕಣ್ಣುಗಳ ನಡುವಿನ ಅಂತರ ಒಂದು ಕಣ್ಣಿನಷ್ಟು. ಹುಬ್ಬಿನ ಗೆರೆಯಿಂದ ಮೂಗಿನ ತಳದವರೆಗೆ ಕಿವಿ. ಈ ಲೆಕ್ಕ ಕರಗತವಾದ ಮೇಲೆ ಅದನ್ನು ಬೇಕೆಂದೇ ಕೆಡಿಸಬಹುದು. ತಲೆಬುರುಡೆ ಚಿಕ್ಕದು ಮಾಡಿ ದವಡೆ ಹಿಗ್ಗಿಸಿದರೆ ಮೊದ್ದುಬಲದ ರಕ್ಕಸ. ಹಣೆ ದೊಡ್ಡದು ಮಾಡಿ ದವಡೆ ಕಿರಿದಾಗಿಸಿದರೆ ಮಗುವಿನಂಥ ಮುಖ, ಇಲ್ಲವೇ ಜ್ಞಾನಿ. ಲೆಕ್ಕ ತಿಳಿಯದೆ ಕೆಡಿಸಿದರೆ ಅದು ಬರೀ ಕೆಟ್ಟ ಮುಖ.

ತಂತಿಯ ಬೆನ್ನೆಲುಬು

ಮೊದಲ ಪ್ರಯತ್ನಕ್ಕೆ ನಿಜ ಅಳತೆಯ ಮೂರರಲ್ಲಿ ಎರಡು ಪಾಲು ಸಾಕು. ವಯಸ್ಕರ ತಲೆಯ ಎತ್ತರ ಸುಮಾರು 23 ಸೆಂಟಿಮೀಟರ್ ಇರುವುದರಿಂದ ಪ್ರತಿಮೆಯ ತಲೆ 15 ಸೆಂಟಿಮೀಟರ್ ಆಗುತ್ತದೆ. ಇದರಲ್ಲಿ ಒಂದು ಅನುಕೂಲವಿದೆ. ಮನುಷ್ಯನ ಕಣ್ಣುಗುಡ್ಡೆಯ ವ್ಯಾಸ ಸುಮಾರು 24 ಮಿಲಿಮೀಟರ್. ಅದರ ಮೂರರಲ್ಲಿ ಎರಡು ಪಾಲೆಂದರೆ 16. ಮಕ್ಕಳು ಆಡುವ ಗಾಜಿನ ಗೋಲಿಯ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ!

ಒಂದಡಿ ಚದರದ ಪ್ಲೈವುಡ್ ಹಲಗೆಯ ನಡುವೆ ಅರ್ಧ ಇಂಚಿನ ಕೊಳಾಯಿ ಪೈಪಿನ ತುಂಡೊಂದನ್ನು ನೆಟ್ಟಗೆ ಬಿಗಿಯಬೇಕು. ಅದರ ತುದಿಗೆ ಅಲ್ಯುಮಿನಿಯಂ ತಂತಿಯನ್ನು ಮೊಟ್ಟೆಯಾಕಾರದಲ್ಲಿ ಸುತ್ತಿ, ಒಳಗೆ ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ತುರುಕಿ, ಮೇಲೆ ಸೆಣಬಿನ ಹುರಿ ಬಿಗಿದರೆ ಮಣ್ಣಿಗೆ ಹಿಡಿತ ಸಿಗುತ್ತದೆ. ಹೆಗಲಿಗೆ ಅಡ್ಡಲಾಗಿ ಒಂದು ತಂತಿ ಇರಲಿ. ಈ ಕೆಲಸದಲ್ಲಿ ಅವಸರ ಮಾಡಿದವರ ರಕ್ಕಸ ಮೂರನೆಯ ದಿನ ಕತ್ತು ಮುರಿದುಕೊಂಡು ಬೀಳುತ್ತಾನೆ.

ಮಣ್ಣಿನಲ್ಲಿ ಎರಡು ಬಗೆ. ಗಣೇಶನನ್ನು ಮಾಡುವ ಜೇಡಿಮಣ್ಣು ಅಗ್ಗ, ಕೈಗೆ ಹಿತ. ಆದರೆ ಒಣಗುವಾಗ ನೂರಕ್ಕೆ ಐದರಿಂದ ಹತ್ತರಷ್ಟು ಕುಗ್ಗುತ್ತದೆ. ಒಳಗಿನ ತಂತಿ ಕುಗ್ಗದ ಕಾರಣ ಬಿರುಕು ಬಿಡುತ್ತದೆ. ಕೆಲಸ ಮುಗಿಯುವವರೆಗೆ ಒದ್ದೆಬಟ್ಟೆ ಹೊದೆಸಿ, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿಡಬೇಕು. ಎಣ್ಣೆ, ಮೇಣ ಬೆರೆಸಿದ ಪ್ಲಾಸ್ಟಿಸಿನ್ ಜಾತಿಯ ಮಣ್ಣು ಒಣಗುವುದೇ ಇಲ್ಲ. ತಿಂಗಳುಗಟ್ಟಲೆ ತಿದ್ದಬಹುದು, ಆದರೆ ಬೆಲೆ ಹೆಚ್ಚು. ಕಲಿಯುವವರಿಗೆ ಜೇಡಿಯೇ ಸರಿ.

ಹಾಗಲಕಾಯಿಯ ಚರ್ಮ

ಹೊಸಬರು ಮೊದಲ ದಿನವೇ ಕಣ್ಣುರೆಪ್ಪೆ, ಸುಕ್ಕು ಕೆತ್ತಲು ಕೂರುತ್ತಾರೆ. ಇದು ಗೋಡೆ ಕಟ್ಟುವ ಮುನ್ನ ಸುಣ್ಣ ಬಳಿದಂತೆ. ಮೊದಲು ತಲೆಬುರುಡೆಯ ಆಕಾರ ಬರಬೇಕು. ಆಮೇಲೆ ಕಣ್ಣಿನ ಗುಳಿ, ಕೆನ್ನೆಯ ಮೂಳೆ, ದವಡೆ. ನಂತರ ಗೋಲಿಗಳನ್ನು ಗುಳಿಯಲ್ಲಿ ಕೂರಿಸಿ, ಅವುಗಳ ಮೇಲೆ ತೆಳುವಾದ ಮಣ್ಣಿನ ಪಟ್ಟಿಯನ್ನು ರೆಪ್ಪೆಯಾಗಿ ಹೊದೆಸಬೇಕು. ರೆಪ್ಪೆ ಗುಂಡಗಿನ ಗುಡ್ಡೆಯನ್ನು ಅಪ್ಪಿಕೊಂಡಾಗ ಮಾತ್ರ ಮುಖಕ್ಕೆ ಜೀವ ಬರುತ್ತದೆ. ಕೊನೆಗೆ ತುಟಿ, ಮೂಗು, ಕಿವಿ. ಕೊಂಬುಗಳನ್ನು ಬೇರೆಯಾಗಿ ಮಾಡಿಟ್ಟುಕೊಳ್ಳುವುದು ಜಾಣತನ.

ಸುಕ್ಕು ಎಲ್ಲೆಂದರಲ್ಲಿ ಬೀಳುವುದಿಲ್ಲ. ಅಡಿಯಲ್ಲಿರುವ ಸ್ನಾಯು ಎಳೆಯುವ ದಿಕ್ಕಿಗೆ ಅಡ್ಡವಾಗಿ ಬೀಳುತ್ತದೆ. ಹಣೆಯ ಸ್ನಾಯು ಹುಬ್ಬನ್ನು ಮೇಲಕ್ಕೆಳೆಯುವುದರಿಂದ ಹಣೆಯ ಗೆರೆಗಳು ಅಡ್ಡಡ್ಡ. ಹುಬ್ಬು ಗಂಟಿಕ್ಕಿದಾಗ ಸ್ನಾಯು ಒಳಕ್ಕೆಳೆಯುವುದರಿಂದ ಮೂಗಿನ ಮೇಲಿನ ಗೆರೆಗಳು ಉದ್ದುದ್ದ. ಇದನ್ನು ಕಲಿಯಲು ಪುಸ್ತಕವೇ ಬೇಕೆಂದಿಲ್ಲ. ಮನೆಯಲ್ಲಿರುವ ಅಜ್ಜನನ್ನು ಕಿಟಕಿಯ ಬಳಿ ಕೂರಿಸಿ, ನಗಿಸಿ, ಮುನಿಸಿ ನೋಡಿದರಾಯಿತು. ‘ಸ್ಟಾರ್ ವಾರ್ಸ್’ ಸರಣಿಯ ಯೋಡಾ ಪಾತ್ರವನ್ನು ರೂಪಿಸಿದ ಸ್ಟುವರ್ಟ್ ಫ್ರೀಬಾರ್ನ್ ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡಿಕೊಂಡರು. ಕಣ್ಣಿನ ಸುತ್ತಲಿನ ಸುಕ್ಕುಗಳಿಗೆ ಐನ್‌ಸ್ಟೀನರನ್ನು ನೆನೆದರು.

ಇನ್ನು ಚರ್ಮದ ತರಿ. ವೃತ್ತಿಪರರು ಕಿತ್ತಳೆ ಸಿಪ್ಪೆಯ ಮೇಲೆ ರಬ್ಬರ್ ಹಾಲು ಬಳಿದು, ಒಣಗಿದ ಪೊರೆಯನ್ನು ಬಿಡಿಸಿ, ಅದನ್ನು ಮಣ್ಣಿಗೆ ಒತ್ತಿ ರಂಧ್ರಗಳನ್ನು ಮೂಡಿಸುತ್ತಾರೆ. ಮನೆಯಲ್ಲಿ ಸಿಪ್ಪೆಯನ್ನೇ ನೇರವಾಗಿ ಒತ್ತಬಹುದು. ಆದರೆ ಸಿಪ್ಪೆಯ ಕುಳಿ ಮಣ್ಣಿನಲ್ಲಿ ಉಬ್ಬಾಗಿ ಬರುತ್ತದೆ ಎಂಬುದು ನೆನಪಿರಲಿ. ಹಾಗಲಕಾಯಿ, ಸೀತಾಫಲ, ಹಲಸಿನ ಸಿಪ್ಪೆ – ಗಾಂಧಿಬಜಾರಿನ ತರಕಾರಿ ಬುಟ್ಟಿಯಲ್ಲಿ ರಕ್ಕಸರ ಚರ್ಮಕ್ಕೇನು ಬರ! ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಕುಟ್ಟಿದರೆ ಸಣ್ಣ ರಂಧ್ರಗಳು. ತೆಳು ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿನ ಮೇಲೆ ಹಾಸಿ, ಅದರ ಮೇಲಿಂದ ಬಿದಿರುಕಡ್ಡಿಯಲ್ಲಿ ಗೆರೆ ಎಳೆದರೆ ಅಂಚು ಒರಟಾಗದೆ ನಿಜವಾದ ಸುಕ್ಕಿನಂತೆ ಮೆತ್ತಗೆ ಮೂಡುತ್ತದೆ. ತಲೆಪಿನ್ನನ್ನು ಬಗ್ಗಿಸಿ ಕಡ್ಡಿಗೆ ಕಟ್ಟಿದರೆ ಮಣ್ಣು ಹೆರೆಯುವ ಸಲಕರಣೆ ಸಿದ್ಧ.

ಕೆಲಸದ ನಡುವೆ ಪ್ರತಿಮೆಯನ್ನು ಕನ್ನಡಿಯಲ್ಲಿ ನೋಡಬೇಕು. ಕಣ್ಣಿಗೆ ಒಗ್ಗಿಹೋದ ತಪ್ಪುಗಳು ಎಡಬಲ ಬದಲಾದಾಗ ಥಟ್ಟನೆ ಕಾಣುತ್ತವೆ. ದೀಪ ಆರಿಸಿ, ಒಂದೇ ಪಕ್ಕದಿಂದ ಟಾರ್ಚ್ ಬಿಟ್ಟರೆ ಉಬ್ಬುತಗ್ಗುಗಳ ಬಂಡವಾಳ ಬಯಲಾಗುತ್ತದೆ.

ಅಚ್ಚು ಹಾಕುವ ಮುನ್ನ

ಪ್ರಾಥಮಿಕ ಶಾಲೆಯ ಮಕ್ಕಳು ಇಲ್ಲಿಗೇ ನಿಲ್ಲುವುದು ಕ್ಷೇಮ. ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದಿಟ್ಟುಕೊಂಡು, ಮಣ್ಣನ್ನು ಮತ್ತೆ ಬಕೆಟ್ಟಿಗೆ ಹಾಕಿ ನೆನೆಸಬೇಕು. ವಾರಗಟ್ಟಲೆ ದುಡಿದು ಮಾಡಿದ್ದನ್ನು ಕೈಯಾರೆ ಕರಗಿಸುವುದೆಂದರೆ ಮಕ್ಕಳಿಗೆ ಅಳು ಬರುವುದು ಸಹಜ. ಯಡಿಯೂರು ಕೆರೆಯ ಕಲ್ಯಾಣಿಯಲ್ಲಿ ಗಣೇಶನನ್ನು ಬಿಡುವಾಗ ಬರುವ ಅಳುವೂ ಅದೇ. ಮುಂದಿನ ವರ್ಷ ಮತ್ತೆ ಬರುತ್ತಾನೆಂದು ಆಗ ಸಮಾಧಾನ ಮಾಡುವುದಿಲ್ಲವೇ?

ಪ್ರೌಢಶಾಲೆ ದಾಟಿದವರು ದೊಡ್ಡವರೊಬ್ಬರನ್ನು ಜೊತೆಗಿಟ್ಟುಕೊಂಡು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅಚ್ಚು ತೆಗೆಯಬಹುದು. ಇಲ್ಲಿ ಪೋಷಕರು ಒಂದು ಘಟನೆಯನ್ನು ತಿಳಿದಿರಬೇಕು. 2007ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನ ಶಾಲೆಯೊಂದರಲ್ಲಿ 16ರ ಹುಡುಗಿಯೊಬ್ಬಳು ತನ್ನ ಕೈಗಳ ಪ್ರತಿರೂಪ ತೆಗೆಯಲೆಂದು ಪ್ಲಾಸ್ಟರ್ ತುಂಬಿದ ಬಕೆಟ್ಟಿನಲ್ಲಿ ಕೈ ಇಟ್ಟಳು. ಪ್ಲಾಸ್ಟರ್ ಗಟ್ಟಿಯಾಗುವಾಗ ಶಾಖ ಹೊಮ್ಮುತ್ತದೆ. ದಪ್ಪ ರಾಶಿಯಲ್ಲಿ ಅದು 60 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಲ್ಲದು. ಕೈ ಹೊರಕ್ಕೆ ಬರಲಿಲ್ಲ. ಆ ಹುಡುಗಿ ಎರಡು ಬೆರಳುಗಳನ್ನು ಬಿಟ್ಟು ಉಳಿದೆಲ್ಲವನ್ನೂ ಕಳೆದುಕೊಂಡಳು. ಶಾಲೆಗೆ ಬಳಿಕ ದಂಡ ಬಿತ್ತು. ಬೆರಳು ಬರಲಿಲ್ಲ.

ಆದ್ದರಿಂದ ನಿಯಮಗಳು ಹೀಗಿವೆ. ಕೈಯನ್ನಾಗಲಿ ಮುಖವನ್ನಾಗಲಿ ಪ್ಲಾಸ್ಟರ್‌ನಲ್ಲಿ ಹುಗಿಯಲೇಬಾರದು. ನಟರ ಮುಖದ ಅಚ್ಚು ತೆಗೆಯಲು ವೃತ್ತಿಪರರು ಕಡಲಪಾಚಿಯಿಂದ ಬರುವ ಆಲ್ಜಿನೇಟ್ ಬಳಸುತ್ತಾರೆ, ಉಸಿರಾಟವನ್ನು ನೋಡಿಕೊಳ್ಳಲೆಂದೇ ಪಕ್ಕದಲ್ಲಿ ಒಬ್ಬರಿರುತ್ತಾರೆ. ಅದು ಮನೆಯ ಆಟವಲ್ಲ. ಪುಡಿ ಕಲಸುವಾಗ ಮೂಗಿಗೆ ಮಾಸ್ಕ್, ಕೈಗೆ ರಬ್ಬರ್ ಗ್ಲೌಸ್ ಇರಬೇಕು. ಮಿಕ್ಕ ಪ್ಲಾಸ್ಟರ್ ಸಿಂಕಿಗೆ ಹೋದರೆ ಕೊಳವೆಯಲ್ಲೇ ಕಲ್ಲಾಗುತ್ತದೆ. ಕೆರೆಗಂತೂ ಹಾಕಲೇಬಾರದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲಿ ವಿಸರ್ಜನೆಯ ಮೂರ್ತಿಗಳಿಗೆ ಪ್ಲಾಸ್ಟರ್ ಕೂಡದೆಂದದ್ದು ಸುಮ್ಮನೆ ಅಲ್ಲ. ಫೈಬರ್‌ಗ್ಲಾಸ್, ರೆಸಿನ್ ಕೆಲಸ ಮನೆಯೊಳಗೆ ಬೇಡವೇ ಬೇಡ. ಅದರ ಹೊಗೆ ಮತ್ತು ಧೂಳು ಶ್ವಾಸಕೋಶಕ್ಕೆ ಶತ್ರು.

ಅಚ್ಚು ಎರಡು ಭಾಗದಲ್ಲಿ ಆಗಬೇಕು. ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾದುಹೋಗುವಂತೆ ಹಳೆಯ ಎಕ್ಸರೇ ಹಾಳೆಯ ಚೂರುಗಳನ್ನು ಬೇಲಿಯಂತೆ ಮಣ್ಣಿಗೆ ಚುಚ್ಚಿ ನಿಲ್ಲಿಸಬೇಕು. ನೀರಿಗೆ ಪ್ಲಾಸ್ಟರನ್ನು ಉದುರಿಸುತ್ತ ಹೋಗಬೇಕೇ ಹೊರತು ಪ್ಲಾಸ್ಟರಿಗೆ ನೀರು ಸುರಿಯಬಾರದು. ತೂಕದಲ್ಲಿ ಹತ್ತು ಪಾಲು ಪ್ಲಾಸ್ಟರಿಗೆ ಸುಮಾರು ಏಳು ಪಾಲು ನೀರು. ಮೊದಲ ತೆಳು ಲೇಪವನ್ನು ಮೂಲೆಮೂಲೆಗೂ ತಲುಪುವಂತೆ ಚಿಮುಕಿಸಿ, ನಂತರ ಗೋಣಿಬಟ್ಟೆಯ ಚೂರು ಸೇರಿಸುತ್ತ ಒಂದಿಂಚು ದಪ್ಪ ಮಾಡಬೇಕು. ಪೂರ್ತಿ ಗಟ್ಟಿಯಾಗಿ ತಣ್ಣಗಾದ ಮೇಲೆ ಎರಡೂ ಭಾಗ ಬಿಡಿಸಿ, ಮಣ್ಣು ತೆಗೆದು ತೊಳೆದರೆ ಒಳಗೆ ರಕ್ಕಸನ ಮುಖ ತಿರುವುಮುರುವಾಗಿ ಕಾಣುತ್ತದೆ.

ಕಾಗದದ ದೇಹ, ಅರಿಶಿನದ ಹಣೆ

ಪ್ರತಿಮೆ ಎರಕಕ್ಕೆ ಕಾಗದವೇ ಸಾಕು. ಅಚ್ಚಿನ ಒಳಗೆ ತೆಳುವಾಗಿ ವ್ಯಾಸಲೀನ್ ಸವರಿ, ಮೊದಲ ಪದರಕ್ಕೆ ನೀರಿನಲ್ಲಿ ಮಾತ್ರ ನೆನೆಸಿದ ಪತ್ರಿಕೆಯ ಚೂರುಗಳನ್ನು ಒತ್ತಬೇಕು. ಅನಂತರದ ಐದಾರು ಪದರಗಳಿಗೆ ಮೈದಾ ಅಂಟು. ಒಂದು ಪದರ ಬಿಳಿ, ಮತ್ತೊಂದು ಬಣ್ಣದ ಕಾಗದವಾದರೆ ಎಣಿಕೆ ತಪ್ಪುವುದಿಲ್ಲ. ಎರಡು ಮೂರು ದಿನ ಒಣಗಿಸಿ ಬಿಡಿಸಿ, ಎರಡು ಭಾಗಗಳನ್ನೂ ಕಾಗದದ ಪಟ್ಟಿಯಿಂದ ಜೋಡಿಸಿ, ಬೇರೆಯಾಗಿಟ್ಟಿದ್ದ ಕೊಂಬುಗಳನ್ನು ಕೂರಿಸಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕಲಾವಿದರು ತಮ್ಮ ಮರದ ಬೊಂಬೆಗಳ ಸಂದುಗಳನ್ನು ಮುಚ್ಚಲು ಹುಣಸೆಬೀಜದ ಅಂಟನ್ನು ಬಳಸುತ್ತ ಬಂದಿದ್ದಾರೆ. ಅದನ್ನೂ ಪ್ರಯೋಗಿಸಿ ನೋಡಬಹುದು.

ಬಣ್ಣ ಹಚ್ಚುವಾಗ ಇಡೀ ಮುಖಕ್ಕೆ ಒಂದೇ ಹಸಿರು ಬಳಿದರೆ ಅದು ಪ್ಲಾಸ್ಟಿಕ್ ಆಟಿಕೆಯಾಗುತ್ತದೆ. ಮನುಷ್ಯನ ಮುಖವನ್ನು ಬಿಸಿಲಿನಲ್ಲಿ ದಿಟ್ಟಿಸಿದರೆ ಹಣೆಯಲ್ಲಿ ಹಳದಿಯ ಛಾಯೆ, ಮೂಗು, ಕೆನ್ನೆ, ಕಿವಿಗಳಲ್ಲಿ ಕೆಂಪು, ಗಡ್ಡದ ಭಾಗದಲ್ಲಿ ನೀಲಿ ಬೆರೆತ ಬೂದು ಕಾಣುತ್ತದೆ. ರಕ್ಕಸನ ಬಣ್ಣ ಯಾವುದೇ ಇರಲಿ, ಈ ಮೂರು ಛಾಯೆಗಳ ಆಟ ಅದರೊಳಗೆ ಇರಬೇಕು. ನೀರಾಗಿಸಿದ ಕಂದು ಬಣ್ಣವನ್ನು ಇಡೀ ಮುಖಕ್ಕೆ ಹರಿಸಿ, ಕೂಡಲೇ ಬಟ್ಟೆಯಿಂದ ಒರೆಸಿದರೆ ಸುಕ್ಕುಗಳಲ್ಲಿ ಮಾತ್ರ ಬಣ್ಣ ಉಳಿಯುತ್ತದೆ. ಬಹುತೇಕ ಒಣಗಿದ ಬ್ರಷ್ಷಿನಲ್ಲಿ ತಿಳಿಬಣ್ಣವನ್ನು ಉಬ್ಬುಗಳ ಮೇಲೆ ಮೆಲ್ಲಗೆ ಎಳೆದರೆ ತರಿ ಎದ್ದು ಕಾಣುತ್ತದೆ. ಕಣ್ಣಿಗೆ, ಕೆಳತುಟಿಗೆ ಬಣ್ಣವಿಲ್ಲದ ಉಗುರುಪಾಲಿಶ್ ಹಚ್ಚಿದರೆ ಒದ್ದೆಯ ಹೊಳಪು. ಗಡ್ಡಕ್ಕೆ ತೆಂಗಿನ ನಾರಿದೆ.

ಓದಿಗೆ ಅಡ್ಡಿಯೇ?

ಈಗ ತಾಯಿಯ ಪ್ರಶ್ನೆಗೆ ಬರಬಹುದು. ಒಂದು ಬಸ್ಟ್ ಮುಗಿಯಲು ದಿನಕ್ಕೆ ಒಂದು ಗಂಟೆಯಂತೆ ಐದಾರು ವಾರವಾದರೂ ಬೇಕು. ಅಷ್ಟು ಹೊತ್ತನ್ನು ಪರೀಕ್ಷೆಯ ತಿಂಗಳಿನಿಂದ ಕಿತ್ತುಕೊಳ್ಳುವುದು ಯಾವ ಮಗುವಿಗೂ ಒಳ್ಳೆಯದಲ್ಲ. ಈ ವಿಷಯದಲ್ಲಿ ತಾಯಿಯ ಮಾತೇ ಸರಿ. ಬೇಸಿಗೆ, ದಸರಾ ರಜೆಗಳು ಇರುವುದು ಇದಕ್ಕೇ. ಆದರೆ ಇದನ್ನು ಕಾಲಹರಣವೆಂದರೆ ತಪ್ಪಾಗುತ್ತದೆ. ಅನುಪಾತದ ಲೆಕ್ಕ, ಸ್ನಾಯು ಮೂಳೆಗಳ ಪರಿಚಯ, ಪ್ಲಾಸ್ಟರಿನ ರಸಾಯನಶಾಸ್ತ್ರ, ಇವೆಲ್ಲ ಪಠ್ಯದಲ್ಲಿ ಇರುವುದೇ. ಕೈ ಮಾಡಿ ಕಲಿತದ್ದು ಬೇಗ ಮರೆಯುವುದಿಲ್ಲ. ಕೆಟ್ಟದ್ದನ್ನು ಮುರಿದು ಮತ್ತೆ ಮಾಡುವ ತಾಳ್ಮೆಯನ್ನು ಯಾವ ಟ್ಯೂಷನ್ನೂ ಹೇಳಿಕೊಡುವುದಿಲ್ಲ.

ಇದೇ ವೃತ್ತಿಯಾದರೆ? ಇಲ್ಲಿ ಆಸೆ ಹುಟ್ಟಿಸಿ ಮೋಸ ಮಾಡುವುದು ಬೇಡ. ಕನ್ನಡ ಚಿತ್ರರಂಗದಲ್ಲಿ ಬರೀ ರಬ್ಬರ್ ಮುಖಗಳನ್ನು ಮಾಡಿಕೊಂಡು ಬದುಕುವಷ್ಟು ಕೆಲಸ ಬಹಳ ಜನರಿಗೆ ಸಿಗಲಾರದು. ಅನಿಮೇಷನ್, ವಿಡಿಯೋ ಗೇಮ್, ದೃಶ್ಯ ಪರಿಣಾಮಗಳ ಕ್ಷೇತ್ರ ಹೆಚ್ಚು ವಿಶಾಲ. ಇದಕ್ಕಾಗಿ ಪ್ರತ್ಯೇಕ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ, 2012ರಲ್ಲಿ. 2024ರಲ್ಲಿ ಹೊಸ ನೀತಿಯೂ ಬಂತು. ಅಲ್ಲಿ ಕಂಪ್ಯೂಟರಿನೊಳಗೇ ಮಣ್ಣು ಕೆತ್ತಿದಂತೆ ಕೆತ್ತುತ್ತಾರೆ. ಬ್ಲೆಂಡರ್‌ನಂಥ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಆದರೆ ತಂತ್ರಾಂಶಕ್ಕೆ ಸುಕ್ಕಿನ ದಿಕ್ಕು ಗೊತ್ತಿಲ್ಲ. ‘ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರಗಳ ಗೊಲ್ಲಮ್ ಕಂಪ್ಯೂಟರಿನಲ್ಲಿ ಹುಟ್ಟುವ ಮುನ್ನ ಮಣ್ಣಿನಲ್ಲೇ ಹುಟ್ಟಿದ್ದ. ಕೆಲಸ ಖಂಡಿತವೆಂದು ಜಾಹೀರಾತು ಕೊಟ್ಟು ಲಕ್ಷಗಟ್ಟಲೆ ಶುಲ್ಕ ಕೇಳುವ ತರಗತಿಗಳಿಗೆ ಸೇರಿಸುವ ಮೊದಲು ಹಿಂದಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆಂದು ಪೋಷಕರು ವಿಚಾರಿಸಲೇಬೇಕು. ಪಿಯುಸಿ ಮುಗಿಸಿದವರಿಗೆ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜು, 1908ರಷ್ಟು ಹಳೆಯದಾದ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜುಗಳಲ್ಲಿ ನಾಲ್ಕು ವರ್ಷದ ದೃಶ್ಯಕಲಾ ಪದವಿ ಇದೆ.

ಬೇರೆ ಓದು ಓದಿಕೊಂಡೇ ಕೈಕೆಲಸಕ್ಕೆ ಬಂದವರೂ ಇದ್ದಾರೆ. ಅಯೋಧ್ಯೆಯಲ್ಲಿ 2024ರ ಜನವರಿಯಲ್ಲಿ ಪ್ರತಿಷ್ಠಾಪನೆಯಾದ 51 ಇಂಚಿನ ಬಾಲರಾಮನ ಮೂರ್ತಿಯನ್ನು ಕೆತ್ತಿದ ಮೈಸೂರಿನ ಅರುಣ್ ಯೋಗಿರಾಜ್ ಎಂಬಿಎ ಓದಿದವರು. ಬನಶಂಕರಿಯಲ್ಲಿ ‘ಧಾತು’ ಸಂಸ್ಥೆ ಕಟ್ಟಿ ಸೂತ್ರದ ಬೊಂಬೆಗಳಿಗೆ ಮರುಜೀವ ಕೊಟ್ಟ ಅನುಪಮಾ ಹೊಸ್ಕೆರೆ ಎಂಜಿನಿಯರಿಂಗ್ ಪದವೀಧರೆ. ಓದು ಬಿಟ್ಟರೆ ಮಾತ್ರ ಕಲೆ ಎಂದೇನೂ ಇಲ್ಲ. ಓದಿದವರೆಲ್ಲ ಕಲೆ ಬಿಡಬೇಕೆಂದೂ ಇಲ್ಲ.

ಮುಂದಿನ ರಜೆಗೆ ಮಣ್ಣು ತರುವ ಮುನ್ನ ಒಂದು ಭಾನುವಾರ ತಂದೆತಾಯಿಗಳು ಮಕ್ಕಳನ್ನು ರಾಮನಗರದ ಬಳಿಯ ಜಾನಪದ ಲೋಕಕ್ಕೆ ಕರೆದೊಯ್ಯುವುದು ಒಳ್ಳೆಯದು. ಎಚ್.ಎಲ್. ನಾಗೇಗೌಡರು 1994ರಲ್ಲಿ ಆರಂಭಿಸಿದ ಅಲ್ಲಿನ ಸಂಗ್ರಹದಲ್ಲಿ ಮುಖವಾಡಗಳಿವೆ, ಬೊಂಬೆಗಳಿವೆ. ಮಗುವಿನ ಕೈಯಲ್ಲಿ ಒಂದು ನೋಟ್ ಪುಸ್ತಕ, ಪೆನ್ಸಿಲ್ ಇರಲಿ. ಹಿಂದಿರುಗಿದ ಮೇಲೆ ಬಾಲ್ಕನಿಯ ಒಂದು ಮೂಲೆ, ಒಂದು ಹಳೆಯ ಗೋಣಿತಾಟು, ಒಂದು ಬಕೆಟ್ ಬಿಟ್ಟುಕೊಟ್ಟರೆ ಸಾಕು. ಮೊದಲ ರಕ್ಕಸ ಬಹುಶಃ ಸೊಟ್ಟಮೂತಿಯವನಾಗಿಯೇ ಹುಟ್ಟುತ್ತಾನೆ. ಅವನ ಬೆನ್ನಿಗೆ ತಾರೀಖು ಕೆತ್ತಿಸಿ, ಎರಡನೆಯವನಿಗೆ ಮಣ್ಣು ಕಲಸಲು ಹೇಳಬೇಕು.